ಬಾವಿ ಕಡೆಯ ತುಂಡು

ಮೊನ್ನೆ ನಮ್ಮ ಬೀದಿಗೆ ಡಾಂಬರು ಹಾಕಿದರು. ಅದಕ್ಕಾಗಿ ಮೂರು ವರ್ಷ ಅರ್ಜಿ ಬರೆದವಳು ನಾನೇ ಆದ್ದರಿಂದ ಹೊಗೆಯ ಬಗ್ಗೆ ಗೊಣಗುವ ಹಕ್ಕು ನನಗಿರಲಿಲ್ಲ. ಅಕ್ಕಪಕ್ಕದವರೆಲ್ಲ ಕಿಟಕಿ ಮುಚ್ಚಿಕೊಂಡರು. ನಾನು ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತೆ. ಆ ಹೊಗೆ ಎದೆಗೆ ಒಳ್ಳೆಯದಲ್ಲ, ಒಳಗೆ ಬನ್ನಿ ಎಂದು ತಮ್ಮನ ಮಗಳು ನಾಲ್ಕು ಸಲ ಕರೆದಳು. ಎಂಬತ್ತು ದಾಟಿದ ಎದೆಗೆ ಇನ್ನು ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ನಾನು ಕದಲಲಿಲ್ಲ. ಬಿಸಿ ಡಾಂಬರಿನ ವಾಸನೆ ಬಂದರೆ ನನಗೆ ರಾಗಿಯ ಕೂಳೆ ನೆನಪಾಗುತ್ತದೆ. ಕೇಳುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಆ ವಾಸನೆಯನ್ನು ನಾನು ಮೊದಲ ಬಾರಿಗೆ ಕುಡಿದದ್ದು ಕೊಯ್ಲು ಮುಗಿದ ರಾಗಿ ಹೊಲದ ನಡುವೆ ನಿಂತು, ಐವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ. ಅದರ ಹಿಂದಿನ ಮಳೆಗಾಲದಿಂದ ಆ ಬೇಸಿಗೆಯವರೆಗೆ ನಡೆದದ್ದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದೆ, ಎಲ್ಲರ ತಪ್ಪುಗಳನ್ನೂ ಹೇಳಿದೆ, ಇದೊಂದು ಉಳಿದುಕೊಂಡಿತು.

ರಾಜಾಜಿನಗರ ಆಗ ಅರ್ಧ ಕಟ್ಟಿದ ಊರು. ಪೂರ್ವದ ಕಡೆ ಸಾಲಾಗಿ ಹೆಂಚಿನ ಮನೆಗಳು, ಕಾರ್ಖಾನೆಯ ಸೈರನ್ನು, ಗೆರೆ ಎಳೆದಂಥ ರಸ್ತೆಗಳು. ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ರಾಗಿ, ಹುರುಳಿ, ಸೇವಂತಿಗೆ ತೋಟ, ಮಾಗಡಿ ರಸ್ತೆಯವರೆಗೂ ಸಣ್ಣ ಸಣ್ಣ ಹಳ್ಳಿಗಳು. ನನ್ನ ತಂದೆ ಚಿತ್ರದುರ್ಗದ ಕಡೆಯಿಂದ ಸರ್ಕಾರಿ ಗುಮಾಸ್ತರಾಗಿ ಬೆಂಗಳೂರಿಗೆ ವರ್ಗವಾಗಿ ಬಂದವರು. ಪೇಟೆಯ ಬಾಡಿಗೆಗೆ ಹೆದರಿ ಅಂಥದೊಂದು ಹಳ್ಳಿಯಲ್ಲಿ, ಮುನಿಶಾಮಪ್ಪ ಎಂಬ ರೈತರ ಮನೆಯ ಮುಂಭಾಗದ ಎರಡು ಕೋಣೆ ಹಿಡಿದಿದ್ದರು. ಆ ಹಳ್ಳಿಯ ಹೆಸರು ಈಗ ಒಂದು ಬಸ್ ಸ್ಟಾಪಿಗೆ ಮಾತ್ರ ಉಳಿದಿದೆ. ಹೊಸ ಬಡಾವಣೆಯಲ್ಲಿ ಒಂದು ಸೈಟು ಸಿಗಬೇಕೆನ್ನುವುದೇ ಅಪ್ಪನ ಆಸೆ. ಅರ್ಜಿ ಹಾಕಿ, ಪ್ರತಿ ಶನಿವಾರ ಕಚೇರಿ ಮುಗಿಸಿಕೊಂಡು ಹೋಗಿ ವಿಚಾರಿಸಿ ಬರುತ್ತಿದ್ದರು. ಆ ಸೈಟು ಯಾರದೋ ಹೊಲದಿಂದಲೇ ಬರಬೇಕು ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇತಿಹಾಸ ಓದುತ್ತಿದ್ದ ನನಗೂ ಹೊಳೆಯಲಿಲ್ಲ.

ನನ್ನದು ಅದು ಬಿ.ಎ. ಆನರ್ಸಿನ ಕೊನೆಯ ವರ್ಷ. ಪರೀಕ್ಷೆಯ ಜೊತೆಗೆ ಒಂದು ದೀರ್ಘ ಪ್ರಬಂಧ ಬರೆಯಬೇಕಿತ್ತು. ನಮ್ಮ ಮೇಷ್ಟ್ರು ಆಗತಾನೆ ಹೊರದೇಶದಿಂದ ಒಂದು ಪೆಟ್ಟಿಗೆ ಪುಸ್ತಕ ಹೊತ್ತು ಹಿಂತಿರುಗಿದ್ದರು. ಆ ಪೆಟ್ಟಿಗೆ ಯಾರ ತಲೆಯ ಮೇಲಾದರೂ ಖಾಲಿಯಾಗಬೇಕಿತ್ತು, ನನ್ನ ಮೇಲಾಯಿತು. ಅಮೆರಿಕ ಇನ್ನೂ ಇಂಗ್ಲಿಷರ ವಸಾಹತಾಗಿದ್ದಾಗ ಅಲ್ಲಿಗೆ ಹೋಗಿ ನೆಲೆಸಿದ ಜರ್ಮನ್ ರೈತರ ಭೂ ಒಡೆತನ ಎಂಬುದು ನನಗೆ ಕೊಟ್ಟ ವಿಷಯ. ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆಮೇಲೆ ಓದುತ್ತ ಓದುತ್ತ ಆ ಜನ ನನ್ನನ್ನು ಹಿಡಿದುಕೊಂಡರು. ಹಡಗಿಳಿದು ಬಂದವರು ಕಾಡು ಕಡಿದು, ಬೊಡ್ಡೆ ಕಿತ್ತು, ಗೋಧಿ ಬಿತ್ತಿದರು. ದುಡಿದ ನೆಲ ತಮ್ಮದೇ ಅಂದುಕೊಂಡರು. ಕಾಗದದ ಮೇಲೆ ಮಾತ್ರ ಅದು ಸಮುದ್ರದಾಚೆಯ ದೊಡ್ಡ ಮನೆತನವೊಂದಕ್ಕೆ ಸೇರಿತ್ತು. ಮೊದಲು ಅರ್ಜಿ ಕೊಡಬೇಕು, ಆಮೇಲೆ ಅಳತೆ, ಕೊನೆಗೆ ಪಟ್ಟಾ. ಎಷ್ಟೋ ಜನ ಅಳತೆಯಲ್ಲೇ ನಿಂತುಬಿಟ್ಟರು, ಕೆಲವರು ಅರ್ಜಿಗೂ ಹೋಗಲಿಲ್ಲ. ಕಚೇರಿಯ ಭಾಷೆ ಇಂಗ್ಲಿಷು, ಇವರು ಆಡುತ್ತಿದ್ದದ್ದು ಜರ್ಮನ್. ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ಹೆಸರು ಬರೆಸದೆ ಪರಕೀಯನಾಗಿಯೇ ಸತ್ತರೆ ಅವನ ಭೂಮಿ ಮಕ್ಕಳಿಗೆ ಇಳಿಯುವುದೂ ಕಷ್ಟವಾಗಿತ್ತು. ಇದನ್ನೆಲ್ಲ ನಾನು ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತು ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದೆ.

ಆ ಜಗಲಿಯ ಇನ್ನೊಂದು ತುದಿ ಪಿಳ್ಳಮ್ಮನದು. ಪಿಳ್ಳಮ್ಮ ಮುನಿಶಾಮಪ್ಪನವರ ಅತ್ತಿಗೆ, ಅಂದರೆ ತೀರಿಕೊಂಡ ಅಣ್ಣನ ಹೆಂಡತಿ. ಆಗ ಆಕೆಗೆ ಐವತ್ತರ ಆಸುಪಾಸು. ಮಕ್ಕಳಿರಲಿಲ್ಲ. ಗಂಡ ತಾನೇ ನಿಂತು ಹೊಲದಲ್ಲಿ ಬಾವಿ ತೋಡಿಸಿ, ನೀರು ಬಂದ ವರ್ಷವೇ ಜ್ವರದಲ್ಲಿ ಹೋಗಿದ್ದ. ಆಕೆ ಹಳ್ಳಿಯೊಳಗಿನ ಈ ದೊಡ್ಡ ಮನೆಯಲ್ಲಿ ಇರುತ್ತಿರಲಿಲ್ಲ; ಬಾವಿಯ ಪಕ್ಕ ಮಣ್ಣಿನ ಗೋಡೆ, ನಾಡಹೆಂಚಿನ ಒಂದು ಪುಟ್ಟ ಮನೆ ಕಟ್ಟಿಕೊಂಡು ಅಲ್ಲೇ ಇದ್ದಳು. ಬಾವಿಯ ಸುತ್ತ ಸೊಪ್ಪು, ಸೇವಂತಿಗೆ, ಆಚೆಗೆ ರಾಗಿ. ಬೆಳಗ್ಗೆ ಮಾರ್ಕೆಟ್ಟಿಗೆ ಕುಕ್ಕೆ ಹೊತ್ತು ಹೋದರೆ ಮಧ್ಯಾಹ್ನ ವಾಪಸು. ಸಂಜೆ ನಮ್ಮ ಜಗಲಿಗೆ ಬಂದು ನಾಳೆಯ ಸೊಪ್ಪನ್ನು ಕಟ್ಟು ಕಟ್ಟುತ್ತ ಕೂರುವಳು. ಮಾತಿಗೆ ಯಾರಾದರೂ ಬೇಕು, ನಾನು ಸಿಕ್ಕಿದ್ದೆ.

ಆ ನೆಲ ಆಕೆಗೆ ಹೇಗೆ ಬಂತು ಎನ್ನುವ ಕತೆಯನ್ನು ಎಷ್ಟು ಸಲ ಹೇಳಿದ್ದಳೋ. ಮಾವ ಗಂಗಪ್ಪ ಸಾಯುವಾಗ ಇಡೀ ಮನೆಯವರನ್ನು ಹತ್ತಿರ ಕರೆದು, ಸೊಸೆಯ ಕೈ ಮೇಲೆ ನೀರು ಬಿಟ್ಟು, ಬಾವಿ ಕಡೆಯ ತುಂಡು ಇವಳದು, ಇವಳಿರುವ ತನಕ ಯಾರೂ ಕೇಳಕೂಡದು ಅಂದರಂತೆ. ಅದೇ ಉಸಿರಿನಲ್ಲಿ, ಮನೆ ಮಾತ್ರ ಒಡೆಯಬೇಡಿ, ನನ್ನ ಹೆಸರು ಇರುವ ತನಕ ಭಾಗ ಅನ್ನುವ ಮಾತು ಎತ್ತಬೇಡಿ ಎಂದೂ ಮಾತು ತೆಗೆದುಕೊಂಡರಂತೆ. ಅವರು ಹೋಗಿ ಹನ್ನೆರಡು ವರ್ಷವಾಗಿತ್ತು. ಮೈದುನ ಒಂದು ದಿನವೂ ಆ ತುಂಡಿನ ಕಡೆ ತಲೆ ಹಾಕಿರಲಿಲ್ಲ. ಜಮೀನಿನ ಖಾತೆ ಇನ್ನೂ ಗಂಗಪ್ಪನವರ ಹೆಸರಿನಲ್ಲೇ ಇತ್ತು. ಆ ಹಳ್ಳಿಯಲ್ಲಿ ಎಲ್ಲರದ್ದೂ ಹಾಗೇ. ತೀರಿಕೊಂಡ ಹಿರಿಯರ ಹೆಸರು ತೆಗೆಸಿ ತಮ್ಮ ಹೆಸರು ಹಾಕಿಸಿಕೊಳ್ಳಲು ಓಡಾಡುವವನನ್ನು ಮನೆ ಮುರಿಯಲು ಹೊರಟವನಂತೆ ನೋಡುತ್ತಿದ್ದರು.

ಪಿಳ್ಳಮ್ಮನಿಗೆ ನಾನು ಜರ್ಮನರ ಸಂಗತಿ ಹೇಳಲು ಶುರುಮಾಡಿದ್ದು ಓದಿದ್ದು ನನಗೇ ಮನದಟ್ಟಾಗಲಿ ಎಂಬ ಸ್ವಾರ್ಥಕ್ಕೆ. ಆದರೆ ಆಕೆ ಕೇಳುತ್ತಿದ್ದ ಪ್ರಶ್ನೆಗಳನ್ನು ನಮ್ಮ ಮೇಷ್ಟ್ರು ಕೇಳುತ್ತಿರಲಿಲ್ಲ. ಕಾಡು ಕಡಿಯುವ ಮೊದಲು ಅಲ್ಲಿ ಯಾರಿದ್ದರು, ಅವರು ಎಲ್ಲಿಗೆ ಹೋದರು ಎಂದು ಮೊದಲ ದಿನವೇ ಕೇಳಿದಳು. ಗಂಡ ಸತ್ತರೆ ಹೆಂಡತಿಗೆ ಬಾವಿಯಲ್ಲಿ ಪಾಲಿತ್ತೋ ಇಲ್ಲವೋ ಎಂದಳು. ನಾನು ಪುಸ್ತಕ ತಿರುವಿ, ವಯಸ್ಸಾದ ಜರ್ಮನ್ ರೈತ ಮಗನಿಗೆ ಜಮೀನು ವಹಿಸುವಾಗ ಮಾಡಿಸುತ್ತಿದ್ದ ಪತ್ರವೊಂದನ್ನು ಹುಡುಕಿ ಕನ್ನಡದಲ್ಲಿ ಓದಿ ಹೇಳಿದೆ. ಒಲೆಯ ಪಕ್ಕದ ಕೋಣೆ ತಂದೆ ತಾಯಿಗೆ ಬಿಡಬೇಕು. ತೋಟದಲ್ಲಿ ಎರಡು ಸೇಬಿನ ಮರ ಅವರವು. ವರ್ಷಕ್ಕಿಷ್ಟು ಗೋಧಿ, ಒಂದು ಹಸುವಿಗೆ ಮೇವು, ಒಲೆಯ ಉದ್ದಕ್ಕೆ ಸೀಳಿದ ಸೌದೆ ಕೊಡಬೇಕು. ತಂದೆ ತೀರಿಕೊಂಡರೂ ತಾಯಿಗೆ ಅಷ್ಟೂ ನಡೆಯಬೇಕು.

ಪಿಳ್ಳಮ್ಮನ ಕೈ ನಿಂತಿತು. ಹೆತ್ತ ಮಗನ ಕೈಯಲ್ಲಿ ಸೌದೆಯ ಉದ್ದವನ್ನೂ ಬರೆಸಿಕೊಳ್ಳುತ್ತಿದ್ದರೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಸೊಪ್ಪಿನ ಕಟ್ಟಿಗೆ ಬಾಳೆನಾರು ಬಿಗಿಯುತ್ತ ನಿಜವಾದ ಮರುಕದಿಂದ ಹೇಳಿದಳು:

"ಪಾಪ, ಅವ್ರ ಮನೇಲಿ ಬಾಯ್ಮಾತು ನಡೀತಿರ್ಲಿಲ್ಲ ಅನ್ಸುತ್ತೆ ಕಣವ್ವ."

ನಾನು ಆ ಮಾತನ್ನು ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡೆ. ಮುಂದೆ ಅದನ್ನೇ ಬೆಳೆಸಿ, ನನ್ನ ಸ್ವಂತ ಅಭಿಪ್ರಾಯವೆಂಬಂತೆ ಪ್ರಬಂಧದಲ್ಲಿ ಒಂದು ಪುಟ ಬರೆದೆ.

ಭಾದ್ರಪದದ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಪಿಳ್ಳಮ್ಮ ತಲೆಗೆ ಗೋಣಿಚೀಲ ಮುಚ್ಚಿಕೊಂಡು ಬಂದಳು. ಕಚೇರಿಯ ಜವಾನನೊಬ್ಬ ಹೊಲದ ಮನೆಗೇ ಬಂದು ಒಂದು ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಓದಿ ಹೇಳವ್ವ ಅಂದಳು. ನನ್ನ ಎದುರು ಆ ದಿನವೇ ಹಿಂತಿರುಗಿಸಬೇಕಾಗಿದ್ದ ಲೈಬ್ರರಿ ಪುಸ್ತಕವಿತ್ತು. ಕಾಗದದ ಮೇಲೆ ಕಣ್ಣಾಡಿಸಿದೆ. ದೊಡ್ಡ ಅಕ್ಷರದಲ್ಲಿ ಗಂಗಪ್ಪನವರ ಹೆಸರು, ಸರ್ವೆ ನಂಬರು, ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರ. ನಿಮ್ಮ ಮಾವನವರ ಹೆಸರಿಗೆ ಬಂದಿದೆ, ಜಮೀನಿನ ವಿಷಯ, ಆಮೇಲೆ ಪೂರ್ತಿ ಓದಿ ಹೇಳುತ್ತೇನೆ ಅಂದೆ. ಮಾವನ ಹೆಸರು ಕೇಳಿದ್ದೇ ಆಕೆ ಕಾಗದವನ್ನು ಎರಡೂ ಕೈಯಲ್ಲಿ ವಾಪಸು ತೆಗೆದುಕೊಂಡು, ಸೆರಗಿನಲ್ಲಿ ಸುತ್ತಿ, ಮಳೆ ತಾಗದ ಹಾಗೆ ಎದೆಗೆ ಒತ್ತಿಕೊಂಡು ಹೋದಳು. ನಾನು ಪುಸ್ತಕಕ್ಕೆ ಮರಳಿದೆ. ಅಂದು ನಾನು ಬರೆದುಕೊಳ್ಳುತ್ತಿದ್ದದ್ದು, ಕಚೇರಿಯಿಂದ ಇಂಗ್ಲಿಷಿನಲ್ಲಿ ಬಂದ ಕಾಗದಗಳನ್ನು ಓದಲಾರದೆ ಮಡಿಸಿ ಬೈಬಲಿನೊಳಗೆ ಇಟ್ಟುಕೊಳ್ಳುತ್ತಿದ್ದ ರೈತರ ವಿಚಾರ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆ.

ಅದಾದ ಕೆಲವು ದಿನಕ್ಕೆ ಹಿರಿಯರ ಹಬ್ಬ ಬಂತು. ಮಹಾಲಯ ಅಮಾವಾಸ್ಯೆಗೆ ಆ ಕಡೆಯ ಮನೆಗಳಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ನಮ್ಮ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ, ಕುತೂಹಲಕ್ಕೆ ನೋಡಲು ಹೋಗಿದ್ದೆ. ಗೋಡೆಯ ಕೆಳಗೆ ಬಾಳೆಯೆಲೆಗಳ ಸಾಲು, ಅವುಗಳ ಮೇಲೆ ಮುದ್ದೆ, ಸಾರು, ವಡೆ. ಬದುಕಿದ್ದಾಗ ಯಾರಿಗೆ ಏನಿಷ್ಟವೋ ಅದು. ಗಂಗಪ್ಪನವರ ಎಲೆಯ ಮುಂದೆ ಹೊಸ ಪಂಚೆ, ನಶ್ಯದ ಡಬ್ಬಿ. ಪಂಚೆಯ ಮಡಿಕೆಯ ಮೇಲೆ ಅರಿಶಿನ ಕುಂಕುಮ ಹಚ್ಚಿದ ಆ ಕಾಗದ. ಅವರ ಹೆಸರಿಗೆ ಬಂದದ್ದು ಮೊದಲು ಅವರಿಗೇ ಮುಟ್ಟಬೇಕು ಎಂದು ಪಿಳ್ಳಮ್ಮ ಸಹಜವಾಗಿ ಹೇಳಿದಳು. ಎಷ್ಟು ಚೆನ್ನಾಗಿದೆ ಎಂದುಕೊಂಡೆ ನಾನು. ಮುನಿಶಾಮಪ್ಪನವರು ಅದನ್ನು ನೋಡಿ, ಇಂಥದೇ ಒಂದು ನನಗೂ ಬಂದಿದೆ ಅತ್ತಿಗೆ, ನಾನು ಹೋಗಿ ಮಾತಾಡಿಕೊಂಡು ಬಂದಿದ್ದೇನೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಅಂದರು. ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಹಬ್ಬ ಮುಗಿದ ಮೇಲೆ ಪಂಚೆಯನ್ನು ಮೈದುನ ಉಟ್ಟುಕೊಂಡರು, ಕಾಗದ ಪಿಳ್ಳಮ್ಮನ ಪೆಟ್ಟಿಗೆ ಸೇರಿತು.

ಕಾರ್ತಿಕ ಬಂತು. ಕನ್ನಡ ನಾಡು ಒಂದಾಯಿತೆಂದು ಅಪ್ಪ ಕಚೇರಿಯಿಂದ ಪೇಡ ತಂದು ಹಳ್ಳಿಗೆಲ್ಲ ಹಂಚಿದರು. ಅದೇ ತಿಂಗಳು ರಾಗಿ ತೆನೆ ಬಲಿತು ಹೊಲ ಕಂದು ಬಣ್ಣಕ್ಕೆ ತಿರುಗಿದ್ದಾಗ ಸರಪಳಿ ಹಿಡಿದ ನಾಲ್ಕು ಜನ ಬಂದು, ಪಿಳ್ಳಮ್ಮನ ತುಂಡಿನ ನಟ್ಟನಡುವೆ ಸುಣ್ಣ ಬಳಿದ ಗೂಟಗಳನ್ನು ಹೊಡೆದರು. ಒಂದು ಗೂಟ ಆಕೆಯ ಒಲೆಯಿಂದ ಮೂರು ಮಾರು ದೂರದಲ್ಲಿತ್ತು. ಆಕೆ ಕೂಗಾಡಲಿಲ್ಲ. ಗೂಟ ಹೊಡೆಯುವವನಿಗೆ ತೆನೆ ತುಳಿಯಬೇಡಪ್ಪ, ಅತ್ತಲಿಂದ ಬಾ ಎಂದು ದಾರಿ ತೋರಿಸಿದಳಂತೆ. ಸಂಜೆ ಆ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಆಗ ನಾನು ಆ ಸಣ್ಣ ಅಕ್ಷರಗಳನ್ನು ಓದಿದೆ. ಹೊಸ ಬಡಾವಣೆಗಾಗಿ ಸರ್ಕಾರ ವಶಪಡಿಸಿಕೊಳ್ಳಲಿರುವ ಈ ಜಮೀನಿನಲ್ಲಿ ಯಾರಿಗಾದರೂ ಹಕ್ಕಿದ್ದರೆ, ವಾಸದ ಮನೆಯಿದ್ದರೆ, ಮೂವತ್ತು ದಿನದೊಳಗೆ ಬಂದು ಹೇಳಿಕೊಳ್ಳತಕ್ಕದ್ದು. ಮೂವತ್ತು ದಿನ ಮುಗಿದು ಎಷ್ಟೋ ದಿನವಾಗಿತ್ತು. ಹಾಗೆ ಹೇಳಿಕೊಂಡ ಇಬ್ಬರ ಹೊಲದ ಮನೆಗಳನ್ನು ನಕ್ಷೆಯಿಂದ ಬಿಟ್ಟಿದ್ದಾರೆ ಎನ್ನುವ ಸುದ್ದಿಯೂ ಆ ಹೊತ್ತಿಗೆ ಹಳ್ಳಿಯಲ್ಲಿತ್ತು.

ನಾನು ಓದಿದ್ದರೆ ಉಳಿಯುತ್ತಿತ್ತು ಎಂದು ಆಕೆಗೆ ಹೇಳುವ ಧೈರ್ಯ ಬರಲಿಲ್ಲ. ಇನ್ನೂ ಏನಾದರೂ ಮಾಡಬಹುದು ಅಂದೆ. ಮುನಿಶಾಮಪ್ಪನವರನ್ನು ಕೇಳಿದಾಗ ಅವರು ನಿಜಕ್ಕೂ ಕಂಗಾಲಾದರು. ಕಚೇರಿಗೆ ಹೋಗಿದ್ದು ನಿಜ. ಗಂಗಪ್ಪನವರ ವಾರಸುದಾರ ಯಾರು ಎಂದು ಅಲ್ಲಿ ಕೇಳಿದ್ದಾರೆ, ನಾನೇ ಮಗ ಅಂದಿದ್ದಾರೆ. ವಾಸದ ಮನೆ ಎಲ್ಲಿ ಎಂದಿದ್ದಾರೆ, ಹಳ್ಳಿಯೊಳಗೆ ಎಂದಿದ್ದಾರೆ. ಅತ್ತಿಗೆಯ ಹೆಸರು ಯಾಕೆ ಹೇಳಲಿಲ್ಲ ಎಂದರೆ, ಬೇರೆ ಹೇಳಿದರೆ ಅವರನ್ನು ಬೇರೆ ಮಾಡಿದ ಹಾಗಾಗುತ್ತಿರಲಿಲ್ಲವೇ ಎಂದು ನನ್ನನ್ನೇ ಕೇಳಿದರು. ನನಗೆ ಕೆಟ್ಟವನೊಬ್ಬ ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ.

ಧನುರ್ಮಾಸದ ಚಳಿಯಲ್ಲಿ ಎರಡು ದಿನ ಕುಳಿತು ನಾನು ಅರ್ಜಿ ಬರೆದೆ. ಓದಿದ್ದನ್ನೆಲ್ಲ ಅದರಲ್ಲಿ ಸುರಿದೆ. ಇಂಥ ದಿಕ್ಕಿಗೆ ಬಾವಿ, ಇಂಥ ದಿಕ್ಕಿಗೆ ಹೊಂಗೆಮರ, ಮಧ್ಯೆ ಹೆಂಚಿನ ಮನೆ, ಮಾವನ ಕೊನೆಯ ಮಾತು, ಅದಕ್ಕೆ ಸಾಕ್ಷಿಯಾಗಿದ್ದವರು. ಇಂಗ್ಲಿಷಿನಲ್ಲೊಂದು ಪ್ರತಿ, ಕನ್ನಡದಲ್ಲೊಂದು ಪ್ರತಿ. ಪಿಳ್ಳಮ್ಮ ಎರಡಕ್ಕೂ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಸೋಮವಾರ ನಾನು, ಆಕೆ, ಮುನಿಶಾಮಪ್ಪನವರು ಮೂವರೂ ಕಚೇರಿಗೆ ಹೋದೆವು. ಆಕೆ ಮಾರ್ಕೆಟ್ಟಿಗೆ ಉಡುತ್ತಿದ್ದ ಸೀರೆ ಬಿಟ್ಟು, ಪೆಟ್ಟಿಗೆಯಲ್ಲಿದ್ದ ಒಂದೇ ಒಂದು ಧರ್ಮಾವರದ ಸೀರೆ ಉಟ್ಟಿದ್ದಳು.

ಅಧಿಕಾರಿ ತಾಳ್ಮೆಯ ಮನುಷ್ಯ. ಅರ್ಜಿಯನ್ನು ಪೂರ್ತಿ ಓದಿದರು, ನನ್ನ ಇಂಗ್ಲಿಷನ್ನು ಮೆಚ್ಚಿಕೊಂಡರು ಕೂಡ. ಗಡುವು ಮುಗಿದಿದೆ, ಆದರೂ ಒಂದು ದಾರಿಯಿದೆ ಅಂದರು. ಹಿರಿಯರ ಕಾಲದಲ್ಲೇ ಜಮೀನು ಭಾಗವಾಗಿತ್ತು, ಈ ತುಂಡು ಈಕೆಯ ಪಾಲಿಗೆ ಬಂದಿತ್ತು, ಅಂದಿನಿಂದ ಮನೆ ಬೇರೆ ಒಲೆ ಬೇರೆ ಎಂದು ಇಬ್ಬರೂ ಹೇಳಿಕೆ ಕೊಟ್ಟರೆ, ನೋಟೀಸು ಈಕೆಯ ಹೆಸರಿಗೆ ಹೋಗಿಲ್ಲ ಎಂದು ಬರೆದು ಮೇಲಿನವರಿಗೆ ಕಳಿಸುತ್ತೇನೆ; ಮನೆ ಮತ್ತು ಬಾವಿ ಉಳಿಯಬಹುದು. ಅವರು ನಮಗೆ ಹೊರಗಿನ ಬೆಂಚಿನ ಮೇಲೆ ಮಾತಾಡಿಕೊಳ್ಳಲು ಸಮಯ ಕೊಟ್ಟರು. ಬೆಂಚಿನ ಮೇಲೆ ನಾನು ಪಿಳ್ಳಮ್ಮನಿಗೆ ಮಗುವಿಗೆ ಕಲಿಸುವ ಹಾಗೆ ಕಲಿಸಿದೆ. ಭಾಗ ಆಗಿದೆಯಾ ಅಂತ ಕೇಳುತ್ತಾರೆ, ಆಗಿದೆ ಅನ್ನಿ, ಅಷ್ಟೇ ಸಾಕು. ಆಕೆ ತಲೆಯಾಡಿಸಿದಳು. ಮುನಿಶಾಮಪ್ಪನವರು, ಅಪ್ಪನ ಮಾತು ನನ್ನ ಮೇಲಿರಲಿ, ನಾನು ಆಗಿದೆ ಅಂತೀನಿ ಅತ್ತಿಗೆ ಎಂದರು. ಅವರ ಕಣ್ಣು ಕೆಂಪಾಗಿತ್ತು.

ಒಳಗೆ ಅಧಿಕಾರಿ ಪೆನ್ನು ಹಿಡಿದು ಮೊದಲು ಆಕೆಯನ್ನೇ ಕೇಳಿದರು.

"ನೋಡೀಮ್ಮ, ನಿಮಗೂ ನಿಮ್ಮ ಮೈದುನರಿಗೂ ಭಾಗ ಆಗಿದೆಯೋ?"

ಪಿಳ್ಳಮ್ಮ ನನ್ನ ಕಡೆ ನೋಡಿದಳು. ಆಮೇಲೆ ಮೈದುನನ ಕಡೆ ನೋಡಿದಳು. ಅವರು ಉಟ್ಟಿದ್ದದ್ದು ಮಾವನಿಗೆ ಎಡೆಯಿಟ್ಟ ಪಂಚೆ. ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ಇಲ್ಲ ಸ್ವಾಮಿ. ಅಂಥದ್ದೇನೂ ಆಗಿಲ್ಲ. ನಾವು ಒಂದೇ ಮನೆ."

ಅಧಿಕಾರಿ ಇನ್ನೊಮ್ಮೆ ಕೇಳಿದರು. ಆಕೆ ಇನ್ನೊಮ್ಮೆ ಅದನ್ನೇ ಹೇಳಿದಳು. ಅವರು ಪೆನ್ನಿನ ಮುಚ್ಚಳ ಹಾಕಿದರು. ಹೊರಗೆ ಬಂದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. ಒಂದೇ ಒಂದು ಮಾತಿಗೆ ಎಲ್ಲ ಕಳೆದುಕೊಂಡಿರಲ್ಲ ಎಂದು ರಸ್ತೆಯಲ್ಲೇ ಬೈದೆ. ಮುನಿಶಾಮಪ್ಪನವರು ಮೋಟು ಗೋಡೆಯೊಂದರ ಮೇಲೆ ಕುಳಿತು, ಹೆಂಗಸರ ಮುಂದೆ ಎನ್ನುವುದನ್ನೂ ಮರೆತು ಅತ್ತರು. ಆಕೆಯೇ ಅವರ ಭುಜ ಹಿಡಿದು ಎಬ್ಬಿಸಿ ಬಸ್ಸಿಗೆ ಹತ್ತಿಸಿದಳು.

ರಾಗಿಯನ್ನು ಮಾತ್ರ ಕೊಯ್ದುಕೊಳ್ಳಲು ಬಿಟ್ಟರು. ಸಂಕ್ರಾಂತಿ ಕಳೆದ ಮೇಲೆ ಬಾವಿ ಪಕ್ಕದ ಮನೆ ಇಳಿಸಿದರು. ಇಳಿಸಲು ಬಂದವರಿಗಿಂತ ಮೊದಲೇ ಪಿಳ್ಳಮ್ಮ ಹೆಂಚುಗಳನ್ನು ತೆಗೆದು ಒಪ್ಪವಾಗಿ ಜೋಡಿಸಿಟ್ಟಿದ್ದಳು. ಆಕೆ ದೊಡ್ಡ ಮನೆಯ ಹಿಂಭಾಗಕ್ಕೆ, ಒರಳುಕಲ್ಲಿನ ಪಕ್ಕದ ಪಡಸಾಲೆಗೆ ಬಂದಳು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಆದರೆ ಮಾರ್ಕೆಟ್ಟಿಗೆ ಒಯ್ಯಲು ಸೊಪ್ಪಿಲ್ಲ, ಹೂವಿಲ್ಲ. ಬೆಳಗ್ಗೆ ಅಭ್ಯಾಸಬಲದಿಂದ ಕತ್ತಲಿರುವಾಗಲೇ ಎದ್ದು ಕೂತಿರುತ್ತಿದ್ದಳು. ಮುನಿಶಾಮಪ್ಪನವರ ಸೊಸೆ ಎದ್ದು ಬಂದು ಒಲೆ ಹಚ್ಚುವ ತನಕ ಕಾಯುತ್ತಿದ್ದಳು. ಆ ಒಲೆ ಹಚ್ಚಲು ತಾನು ಯಾರನ್ನು ಕೇಳಬೇಕೆಂದು ಆಕೆಗೆ ಗೊತ್ತಿರಲಿಲ್ಲ. ಸಂಜೆ ಜಗಲಿಗೆ ಬರುವುದೂ ಕಡಿಮೆಯಾಯಿತು. ಬಂದರೂ ಜರ್ಮನರ ಸುದ್ದಿ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ ಬರೆದೆ. ಪ್ರಬಂಧಕ್ಕೆ ಮೊದಲ ದರ್ಜೆ ಬಂತು. ಮೇಷ್ಟ್ರು ಮನೆಗೆ ಕರೆಸಿ ಕಾಫಿ ಕೊಟ್ಟು, ಕಾಗದವಿಲ್ಲದ ಮನೆಯ ಮಾತಿನ ಬಗ್ಗೆ ಬರೆದ ಪುಟ ಬಹಳ ಚೆನ್ನಾಗಿದೆ, ಯಾವ ಪುಸ್ತಕದಿಂದ ತೆಗೆದುಕೊಂಡೆ ಎಂದು ಕೇಳಿದರು. ನಾನೇ ಯೋಚಿಸಿದ್ದು ಸಾರ್ ಅಂದೆ. ಹೊರಗೆ ಬಂದು ಸೈಕಲ್ಲು ಹತ್ತುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಂದೇ ನಾನು ಮನೆಗೆ ನೇರವಾಗಿ ಹೋಗದೆ ಹೊಲದ ಕಡೆ ತಿರುಗಿದ್ದು. ಕೂಳೆಯ ನಡುವೆ ಕಪ್ಪು ರಸ್ತೆ ಹೊಗೆಯಾಡುತ್ತಿತ್ತು, ರೋಡ್ ರೋಲರ್ ನಿಧಾನವಾಗಿ ಹಿಂದೆ ಮುಂದೆ ಓಡಾಡುತ್ತಿತ್ತು. ಬಾವಿಯನ್ನು ಮಾತ್ರ ಇನ್ನೂ ಮುಚ್ಚಿರಲಿಲ್ಲ.

ಮೇ ತಿಂಗಳಲ್ಲಿ ಅಪ್ಪನಿಗೆ ಸೈಟು ಮಂಜೂರಾಯಿತು. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಚೀಟಿಯಲ್ಲಿ ಬಂದದ್ದು ತಗ್ಗಿನ ಸೈಟು. ಬೇಡವೆಂದರೆ ಅದೇ ಸಾಲಿನಲ್ಲಿ ಯಾರೂ ಒಪ್ಪದೆ ಉಳಿದ ಇನ್ನೊಂದನ್ನು ಕೇಳಿಕೊಳ್ಳಬಹುದಿತ್ತು, ಅದು ಬಾವಿ ಇದ್ದದ್ದು. ಬಾವಿ ಮುಚ್ಚಿಸುವ ತಾಪತ್ರಯ ಯಾರಿಗೆ ಬೇಕು ಎಂದು ಎಲ್ಲರೂ ಬಿಟ್ಟಿದ್ದರು. ಅಪ್ಪ ಎರಡು ದಿನ ಚಡಪಡಿಸಿ, ಕೊನೆಗೆ ತಾವೇ ಹಿಂದಿನ ಪಡಸಾಲೆಗೆ ಹೋಗಿ ಪಿಳ್ಳಮ್ಮನನ್ನು ಕೇಳಿದರು. ತಗ್ಗಿನಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ, ಅಲ್ಲಿ ಕಟ್ಟಬೇಡಿ, ಬಾವಿಯದನ್ನೇ ತೆಗೆದುಕೊಳ್ಳಿ ಎಂದು ಆಕೆ ಹೇಳಿದಳು. ಗುರುತಿಲ್ಲದವರು ಮಣ್ಣು ಹಾಕಿ ಮುಚ್ಚುವುದಕ್ಕಿಂತ ನೀವು ಕುಡಿಯಿರಿ, ಅದರ ನೀರು ಸಿಹಿ ಎಂದಳು. ಅಪ್ಪ ಕೈ ಮುಗಿದರು. ನಾವು ಬಾವಿಯ ಸೈಟನ್ನೇ ತೆಗೆದುಕೊಂಡೆವು.

ಕಲ್ಲು ನೆಡುವ ದಿನ ಅಪ್ಪ, ನಾನು, ಪಿಳ್ಳಮ್ಮ ಹೋಗಿದ್ದೆವು. ಆಕೆಯ ಒಲೆಯಿದ್ದ ಜಾಗದಲ್ಲಿ ನೆಲ ಇನ್ನೂ ಕಪ್ಪಗಿತ್ತು. ಆಕೆ ಬಾವಿಯ ಕಟ್ಟೆ ಹಿಡಿದು ಒಳಗೆ ಬಗ್ಗಿ ನೋಡಿದಳು, ಎಲೆ ಬಿದ್ದಿವೆ, ತೆಗೆಸಬೇಕು ಅಂದಳು. ಮನಸ್ಸಿನಲ್ಲಿದ್ದದ್ದನ್ನು ಅಂದೇ ಹೇಳಿಬಿಟ್ಟೆ. ಇದು ನಿಮ್ಮ ಮನೆಯೇ, ಹಿಂದುಗಡೆ ನಿಮಗೆಂದೇ ಒಂದು ಕೋಣೆ ಹಾಕಿಸುತ್ತೇವೆ, ಯಾವಾಗ ಬೇಕಾದರೂ ಬಂದು ಇರಿ, ನಿಮ್ಮ ಬಾವಿಯ ನೀರು ನೀವೇ ಸೇದಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ ಎಂದೆ. ಅಷ್ಟೂ ಮಾತನ್ನು ನಾನು ಪ್ರಾಮಾಣಿಕವಾಗಿಯೇ ಆಡಿದ್ದೆ.

ಪಿಳ್ಳಮ್ಮ ಕಟ್ಟೆಯಿಂದ ಕೈ ತೆಗೆದು ನನ್ನನ್ನೇ ನೋಡಿದಳು.

"ಬರ್ದು ಕೊಡ್ತೀಯಾ ವಿಮಲವ್ವ?"

ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಅಳತೆಯ ಟೇಪು ಸುತ್ತುತ್ತಿದ್ದರು. ಅವರಿಗೆ ಕೇಳಿಸಿತ್ತು; ಟೇಪು ಪೂರ್ತಿ ಸುತ್ತಿದ ಮೇಲೂ ತಲೆಯೆತ್ತಲಿಲ್ಲ. ಮಂಜೂರಾದ ಸೈಟಿನಲ್ಲಿ ಇನ್ನೊಬ್ಬರಿಗೆ ಹಕ್ಕು ಬರೆದರೆ ಸೈಟೇ ಹೋಗುತ್ತದೆ ಎಂದು ಅವರ ಹೆದರಿಕೆ, ಅದು ನನಗೂ ಗೊತ್ತಿತ್ತು. ನನ್ನ ಚೀಲದಲ್ಲಿ ಪೆನ್ನಿತ್ತು, ಕಾಗದವಿತ್ತು. ಸೌದೆಯ ಉದ್ದದವರೆಗೂ ಏನೇನು ಬರೆಯಬೇಕೆಂದು ಆ ಊರಿನಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ನಾನು ಚೀಲಕ್ಕೆ ಕೈ ಹಾಕಲಿಲ್ಲ. ಆಕೆ ನಾನು ಏನಾದರೂ ಹೇಳಬಹುದೆಂದು ಕಾದಳು. ಆಮೇಲೆ, ಸುಮ್ಕೆ ಕೇಳ್ದೆ ಕಣವ್ವ ಎಂದು ನಕ್ಕು ಹಳ್ಳಿಯ ಕಡೆ ನಡೆದಳು.

ಗೃಹಪ್ರವೇಶಕ್ಕೆ ಪಿಳ್ಳಮ್ಮ ಬಂದಳು, ನೆಲದ ಮೇಲೆ ಎಲ್ಲರ ಜೊತೆ ಕೂತು ಉಂಡಳು, ಅಮ್ಮ ಕೊಟ್ಟ ರವಿಕೆ ಕಣ ತೆಗೆದುಕೊಂಡಳು. ಹಿಂದಿನ ಕೋಣೆಯನ್ನೂ ನಾವು ಕಟ್ಟಿಸಿದ್ದೆವು. ಅಮ್ಮ ಎರಡು ಸಲ ಹೋಗಿ ಕರೆದಳು. ಹಬ್ಬ ಹುಣ್ಣಿಮೆಗೆ ಬರುತ್ತಿದ್ದಳು, ಉಳಿಯುತ್ತಿರಲಿಲ್ಲ. ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಬಿಂದಿಗೆ ಹಿಡಿದು ಒಂದು ದಿನವೂ ನಮ್ಮ ಗೇಟಿನೊಳಗೆ ಕಾಲಿಡಲಿಲ್ಲ. ಮುನಿಶಾಮಪ್ಪನವರ ಮನೆಗೆ ನೀರು ಬೇಕಾದಾಗ ಬಡಾವಣೆಯ ಬೀದಿ ನಲ್ಲಿಗೆ ಬರುತ್ತಿದ್ದಳು. ನಲ್ಲಿ ಇದ್ದದ್ದು ನಮ್ಮ ಮನೆಯ ಎದುರಿಗೇ. ಬೇಸಿಗೆಯಲ್ಲಿ ಸಾಲು ಉದ್ದ ಇರುತ್ತಿತ್ತು. ಕಾಲೇಜಿಗೆ ಪಾಠ ಹೇಳಲು ಹೊರಟ ನಾನು ಗೇಟು ತೆಗೆದರೆ, ಹಿಂದೆ ಬಾವಿಯ ತುಂಬ ನೀರು, ಮುಂದೆ ತನ್ನ ಸರದಿಗಾಗಿ ಬಿಸಿಲಿನಲ್ಲಿ ಕಾಯುತ್ತ ನಿಂತ ಪಿಳ್ಳಮ್ಮ. ಹೊರಟೆಯಾ ಮಗಾ ಎಂದು ಕೇಳುತ್ತಿದ್ದಳು. ಹೊರಟೆ ಎಂದು ನಾನು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ.